ಎಕನಾಮಿಕಲ್ ಚಕ್ರಪಾಣಿ

ಮನುಷ್ಯನಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಸುತರಾಂ ಬರದಿದ್ದರೂ ಬದುಕು ಹೇಗೋ ಸಾಗುತ್ತದೆ. ಆದರೆ ಒಂದೇ ಒಂದು ಪದ ಮಾತ್ರ ಸರಿಯಾಗಿ ಬಂದುಬಿಟ್ಟರೆ ಅಂಥವರ ಹತ್ತಿರ ಸುಳಿಯಬಾರದು. ಇದನ್ನು ನಾನು ಯಾವ ಪುಸ್ತಕ ಓದಿಯೂ ಹೇಳುತ್ತಿಲ್ಲ. ಚಾಮರಾಜಪೇಟೆಯಲ್ಲಿ ನನ್ನ ಎದುರು ಮನೆಯಲ್ಲೇ ಚಕ್ರಪಾಣಿಯವರು ಇದ್ದರು.

ಚಕ್ರಪಾಣಿ ಬಹಳ ಸಾಧು ಮನುಷ್ಯ. ಒಂದು ಖಾಸಗಿ ಕಂಪನಿಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತರು. ಅಷ್ಟು ವರ್ಷದ ಸರ್ವಿಸಿನಲ್ಲಿ ಅವರನ್ನು ಯಾರೂ ಬೈದಿರಲಿಲ್ಲ, ಯಾರೂ ಹೊಗಳಿಯೂ ಇರಲಿಲ್ಲ. ಅಂಥ ಒಬ್ಬರು ಇದ್ದಾರೆಂಬುದೇ ಆಫೀಸಿಗೆ ಸ್ಟಾಕು ಎಣಿಸುವ ಮಾರ್ಚ್ ತಿಂಗಳಲ್ಲಿ ಮಾತ್ರ ನೆನಪಾಗುತ್ತಿತ್ತು. ತೊಂಬತ್ತೆಂಟನೇ ಇಸವಿಯಲ್ಲಿ, ಅಂದರೆ ಈರುಳ್ಳಿ ಬೆಲೆ ಕೇಳಿಯೇ ಜನ ಕಣ್ಣೀರು ಹಾಕುತ್ತಿದ್ದ ವರ್ಷ, ಅವರ ಕಂಪನಿಗೆ ದೆಹಲಿಯಿಂದ ಹೊಸ ಮ್ಯಾನೇಜರಮ್ಮ ಬಂದರು. ಟ್ಯೂಬ್‌ಲೈಟು ಕೊಳ್ಳುವ ವಿಚಾರವಾಗಿ ಚಕ್ರಪಾಣಿ ಬರೆದ ಟಿಪ್ಪಣಿಯಲ್ಲಿ 'ಎಕನಾಮಿಕ್' ಎಂಬ ಪದ ಕಂಡು, ಕರೆದು ಕೂರಿಸಿ ತಿಳಿಸಿ ಹೇಳಿದರು. ದೇಶದ ಹಣಕಾಸು, ಅರ್ಥವ್ಯವಸ್ಥೆ, ಇಂಥ ದೊಡ್ಡ ಸಂಗತಿಗಳಾದರೆ ಎಕನಾಮಿಕ್. ಖರ್ಚು ಉಳಿಸುವಂಥದ್ದು, ಮಿತವ್ಯಯದ್ದು ಎನ್ನುವುದಾದರೆ ಎಕನಾಮಿಕಲ್. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬಾರದು. ಮುಂದಿನ ವಾರ ಚಕ್ರಪಾಣಿ ಸರಿಯಾಗಿ ಬರೆದು ಕಳಿಸಿದಾಗ ಆಕೆ ಇಡೀ ವಿಭಾಗಕ್ಕೆ ಕೇಳುವಂತೆ "ವೆರಿ ಗುಡ್, ಚಕ್ರಪಾಣಿ" ಎಂದುಬಿಟ್ಟರು.

ಬಿಸಿಲಲ್ಲಿ ಬಂದವನಿಗೆ ನೀರು ಕೊಡುವಾಗಲೂ ಒಂದು ಲೆಕ್ಕವಿರಬೇಕು, ಗಬಗಬ ಕುಡಿದರೆ ನೆತ್ತಿಗೇರುತ್ತದೆ. ಹೊಗಳಿಕೆಯೂ ಹಾಗೆಯೇ. ಆ ಸಂಜೆ ಬಸ್ಸಿಳಿದು ಬರುವಾಗ ಚಕ್ರಪಾಣಿಯವರ ನಡಿಗೆಯೇ ಬೇರೆಯಾಗಿತ್ತು. ಜಗಲಿಯ ಮೇಲೆ ಕೂತಿದ್ದ ನನ್ನನ್ನು ಕಂಡು ನಿಂತರು. ನನ್ನ ಕೈಯಲ್ಲಿದ್ದ ಹರಿದ ಬೀಸಣಿಗೆಯನ್ನು ನೋಡಿ, "ಇದು ಎಕನಾಮಿಕಲ್. ಗಮನಿಸಿ, ಎಕನಾಮಿಕ್ ಅಲ್ಲ" ಎಂದು ಹೇಳಿ ಮನೆಯೊಳಗೆ ಹೋದರು. ಒಳಗೆ ಹೆಂಡತಿ ಗೋದಾ ಅವರಿಗೂ ಅದೇ ಪಾಠ ನಡೆಯಿತೆಂದು ಆಮೇಲೆ ತಿಳಿಯಿತು.

"ಹುಳಿಗೆ ಕಾಯಿ ಕಡಿಮೆ ಹಾಕಿದೀಯಲ್ಲ ಗೋದಾ, ಇದಕ್ಕೆ ಎಕನಾಮಿಕಲ್ ಅಂತಾರೆ. ಜನ ಎಕನಾಮಿಕ್ ಅಂದ್ಬಿಡ್ತಾರೆ. ತಪ್ಪು."

"ಎರಡೂ ಅಲ್ಲಾ ರೀ. ಕಾಯಿ ಒಡೆದ್ರೆ ಅರ್ಧ ಕೆಟ್ಟೋಗಿತ್ತು. ಸುಮ್ನೆ ಊಟ ಮಾಡಿ."

ಇದು ಇಲ್ಲಿಗೇ ನಿಂತಿದ್ದರೆ ಗೋದಾ ಒಬ್ಬರ ಕರ್ಮ ಎಂದು ನಾವೆಲ್ಲ ಸುಮ್ಮನಿರಬಹುದಿತ್ತು. ಆದರೆ ನಮ್ಮ ರಸ್ತೆಯ ತಿರುವಿನಲ್ಲಿ ಶೀನಣ್ಣನ ಹೋಟೆಲಿತ್ತು. ಉಡುಪಿ ಕಡೆಯ ಶೀನಣ್ಣ ಬಾಗಿಲ ಮೇಲೆ 'ಎಕನಾಮಿಕ್ ಮೀಲ್ಸ್' ಎಂದು ಇಂಗ್ಲಿಷಿನಲ್ಲಿ ಕೆಂಪಕ್ಷರದ ಬೋರ್ಡು ಹಾಕಿಸಿದ್ದ. ಅದರ ಕೆಳಗೆ ಕೂತು ಚಕ್ರಪಾಣಿ ಎಷ್ಟೋ ವರ್ಷ ಕಾಫಿ ಕುಡಿದಿದ್ದರು, ಯಾರಿಗೂ ಏನೂ ಆಗಿರಲಿಲ್ಲ. ಆ ಭಾನುವಾರ ತಲೆಯೆತ್ತಿ ನೋಡಿದವರು ಲೋಟ ಕೆಳಗಿಟ್ಟರು.

"ಶೀನಣ್ಣ, ಇದು ತಪ್ಪು."

"ಎಂಥದ್ದು? ಸಕ್ಕರೆ ಹೆಚ್ಚಾಯ್ತಾ?"

"ಬೋರ್ಡು! ಎಕನಾಮಿಕ್ ಅಂದ್ರೆ ದೇಶದ ಅರ್ಥವ್ಯವಸ್ಥೆಗೆ ಸಂಬಂಧಪಟ್ಟಿದ್ದು. ನಿಮ್ಮ ಊಟಕ್ಕೂ ದೇಶದ ಅರ್ಥವ್ಯವಸ್ಥೆಗೂ ಏನು ಸಂಬಂಧ?"

"ಈರುಳ್ಳಿ ರೇಟು ಕೇಳಿದ್ದೀರಾ ಮಾರಾಯ್ರೆ? ಸಂಬಂಧ ಇಲ್ದೆ ಉಂಟಾ?"

ಸುತ್ತ ಕೂತವರೆಲ್ಲ ನಕ್ಕರು. ಚಕ್ರಪಾಣಿ ನಗಲಿಲ್ಲ. ಗಲ್ಲಾ ಪೆಟ್ಟಿಗೆಯ ಪಕ್ಕ ನಿಂತು ವಿವರಿಸಿದರು. ಹಿಂದೆ ಬಿಲ್ಲು ಕೊಡುವವರ ಸಾಲು ಬೆಳೆಯಿತು, ಅವರಿಗೂ ವಿವರಿಸಿದರು. ಇವರು ಅಲ್ಲಿಂದ ಕದಲಿದರೆ ಸಾಕೆಂದು ಶೀನಣ್ಣ ಪೇಂಟರನ್ನು ಕರೆಸಿ ಎ, ಎಲ್ ಎಂಬ ಕೊನೆಯ ಎರಡಕ್ಷರ ಸೇರಿಸಲು ಒಪ್ಪಿಕೊಂಡ. ಬೋರ್ಡಿನಲ್ಲಿ ಜಾಗವಿರಲಿಲ್ಲ. ಆ ಎರಡಕ್ಷರ ಅಪ್ಪನ ಹೆಗಲೇರಿದ ಮಗುವಿನ ಹಾಗೆ ಪದದ ಮೇಲುಗಡೆ ಕೂತವು.

ಮಾರನೇ ದಿನದಿಂದ ಶೀನಣ್ಣನ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ! ನಿಜವಾದ ಕಾರಣ ನನಗೆ ಗೊತ್ತಿತ್ತು. ಹಿಂದಿನ ರಸ್ತೆಯ ಮೆಸ್ಸಿನ ಅಡುಗೆಭಟ್ಟರು ಊರಿಗೆ ಹೋದವರು ವಾಪಸು ಬಂದಿರಲಿಲ್ಲ, ಮೆಸ್ಸಿಗೆ ಬೀಗ ಬಿದ್ದಿತ್ತು, ಹಸಿದವರು ಇಲ್ಲಿಗೆ ಬಂದರು. ಆದರೆ ಅಷ್ಟು ಸರಳವಾದ ಕಾರಣವನ್ನು ಒಪ್ಪುವ ಕಾಲ ಅದಾಗಿರಲಿಲ್ಲ. ಆಗ ನಮ್ಮ ಬಡಾವಣೆಗೆ ವಾಸ್ತುವಿನ ಹುಚ್ಚು ಹಿಡಿದಿತ್ತು. ಪಕ್ಕದ ಬೀದಿಯ ವಕೀಲರೊಬ್ಬರು ಇದ್ದ ಬಾಗಿಲು ಮುಚ್ಚಿಸಿ, ಇಲ್ಲದ ಕಡೆ ಒಡೆಸಿ, ಈಗ ಅವರ ಕಕ್ಷಿದಾರರು ಬಚ್ಚಲುಮನೆ ದಾಟಿ ಒಳಗೆ ಬರುತ್ತಿದ್ದರು. ಹೆಸರಿಗೆ ಒಂದಕ್ಷರ ಸೇರಿಸಿಕೊಂಡು ಬಡ್ತಿಗೆ ಕಾಯುತ್ತಿದ್ದವರು ಮನೆಗೊಬ್ಬರಿದ್ದರು. ಹೀಗಿರುವಾಗ ಎರಡಕ್ಷರ ಸೇರಿಸಿ ಹೋಟೆಲು ತುಂಬಿಸಿದವರನ್ನು ಜನ ಬಿಟ್ಟಾರೆಯೇ? ಚಕ್ರಪಾಣಿಯವರ ಕೈಗುಣ ದೊಡ್ಡದೆಂಬ ಮಾತು ಹಾಲಿನವಳ ಮೂಲಕ ಒಂದೇ ಬೆಳಿಗ್ಗೆ ಎಲ್ಲ ಮನೆಗಳಿಗೂ ಹಂಚಿಕೆಯಾಯಿತು.

ಟೈಲರ್ ಬಂದ. ಕಾಫಿಪುಡಿ ಅಂಗಡಿಯವರು ಬಂದರು. ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿಯವರು ಹಣ್ಣು ಕಾಯಿ ಸಮೇತ ಬಂದರು. "ನಮ್ಮ ಬೋರ್ಡಿಗೂ ಒಂದು ಪದ ಕೊಡಿ ಸ್ವಾಮಿ" ಎಂದು ಎಲ್ಲರೂ ಕೇಳುವವರೇ. ಚಕ್ರಪಾಣಿಯವರ ಹತ್ತಿರ ಇದ್ದದ್ದು ಒಂದೇ ಪದ. ಆದರೂ ಕೂಡಲೇ ಕೊಟ್ಟರೆ ಬೆಲೆಯಿರದು ಎಂದು ಕಣ್ಣು ಮುಚ್ಚಿ, ಅಂಗಡಿಯ ಸ್ವಭಾವವನ್ನೆಲ್ಲ ವಿಚಾರಿಸಿ, ಬಹಳ ಹೊತ್ತು ಯೋಚಿಸಿ, "ನಿಮಗೆ... ಎಕನಾಮಿಕಲ್ ಹೊಂದುತ್ತೆ" ಎನ್ನುತ್ತಿದ್ದರು. ಹಲ್ಲಿನ ಡಾಕ್ಟರು ಮಾತ್ರ ಸ್ವಲ್ಪ ತಕರಾರು ಮಾಡಿದರು.

"ನಂಗೆ ಪೇನ್‌ಲೆಸ್ ಅಂತ ಬೇಕಿತ್ತಲ್ಲ ಸಾರ್?"

"ಅದರ ಜವಾಬ್ದಾರಿ ನಾನು ತಗೊಳಕ್ಕಾಗಲ್ಲ ಡಾಕ್ಟ್ರೇ" ಎಂದರು ಚಕ್ರಪಾಣಿ.

ದಸರಾ ಬರುವ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಬಟ್ಟೆ ಹೊಲಿಯುವುದು, ಹಲ್ಲು ಕೀಳುವುದು, ಕರ್ಪೂರ ಮಾರುವುದು ಎಲ್ಲವೂ ಎಕನಾಮಿಕಲ್ ಆಗಿಹೋಗಿತ್ತು. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಅದು ಯಾವುದೋ ದೊಡ್ಡ ಮನೆತನದ ಹೆಸರೆಂದೂ ಚಕ್ರಪಾಣಿಯವರೇ ಅದರ ಯಜಮಾನರೆಂದೂ ತಿಳಿದು, ಎಲ್ಲರ ಕಾಗದಗಳನ್ನೂ ತಂದು ಅವರ ಬಾಗಿಲಲ್ಲಿ ಹಾಕತೊಡಗಿದ. ಅದನ್ನು ಹಂಚುವುದು ಗೋದಾ ಅವರ ಪಾಲಿಗೆ ಬಂತು.

ಪೋಸ್ಟ್‌ಮ್ಯಾನ್‌ಗೆ ಬಂದ ಅನುಮಾನ ತೆರಿಗೆ ಇಲಾಖೆಗೂ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ಸಂಜೆ ಓಬಳಪ್ಪ ಎಂಬ ಇನ್ಸ್‌ಪೆಕ್ಟರು ಸ್ಕೂಟರ್ ನಿಲ್ಲಿಸಿ ಚಕ್ರಪಾಣಿಯವರ ಮನೆಯೊಳಗೆ ಹೋದರು. ಬಾಗಿಲು ತೆರೆದೇ ಇದ್ದುದರಿಂದ ಮುಂದಿನದೆಲ್ಲ ನನಗೆ ಚೆನ್ನಾಗಿ ಕೇಳಿಸಿತು. ಕೇಳದಿದ್ದ ಭಾಗಕ್ಕೆ ನಾನೇ ಎದ್ದು ಅವರ ಮನೆಗೆ ಹೋದೆ.

"ನಿಮ್ದು ಒಟ್ಟು ಎಷ್ಟು ಬ್ರ್ಯಾಂಚ್ ಇದಾವೆ ಸಾರ್?"

"ಯಾವ ಬ್ರ್ಯಾಂಚು?"

"ಹೋಟ್ಲು, ಟೈಲರಿಂಗು, ಹಲ್ಲಿನ ಆಸ್ಪತ್ರೆ. ಎಲ್ಲಾ ಎಕನಾಮಿಕಲ್. ಹಿಂದೆ ಇರೋರು ಯಾರು ಅಂದ್ರೆ ಒಬ್ಬೊಬ್ರೂ ನಿಮ್ಮ ಮನೆ ಕಡೆ ಕೈ ತೋರಿಸ್ತಾರೆ. ಟೈಲರ್ ಏನಂದ ಗೊತ್ತಾ? ಎಲ್ಲಾ ಅವರ ದಯೆ ಅಂದ!"

ಗೋದಾ ಅಡುಗೆಮನೆಯಿಂದ ಓಡಿ ಬಂದರು. "ಅಯ್ಯೋ, ಇವರ ಹೆಸರಲ್ಲಿ ಒಂದು ಸೈಕಲ್ಲೂ ಇಲ್ಲ ಕಣ್ರೀ."

"ಬೇನಾಮಿ ಆಸ್ತಿ ಇರೋರ ಮನೇಲಿ ಎಲ್ರೂ ಹಿಂಗೇ ಹೇಳೋದಮ್ಮ" ಎಂದರು ಓಬಳಪ್ಪ, ಅನುಭವದ ದನಿಯಲ್ಲಿ.

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಚಕ್ರಪಾಣಿಗೆ ಇಲಾಖೆಯ ಭಯಕ್ಕಿಂತ ಪಾಠದ ಉತ್ಸಾಹವೇ ಹೆಚ್ಚಾಯಿತು. ಇನ್ಸ್‌ಪೆಕ್ಟರನ್ನು ಕೂರಿಸಿ ಎರಡು ಪದಗಳ ವ್ಯತ್ಯಾಸವನ್ನು ಮೊದಲಿನಿಂದ ಶುರು ಮಾಡಿದರು. ಓಬಳಪ್ಪ ಏಳಲು ನೋಡಿದಾಗಲೆಲ್ಲ ಒಂದು ಉದಾಹರಣೆ ಕೊಟ್ಟು ಕೂರಿಸಿದರು. ಕೊನೆಗೆ ಆತ ಬೆವರು ಒರೆಸಿಕೊಳ್ಳುತ್ತ, "ಆಯ್ತು ಸಾರ್, ಅರ್ಥ ಆಯ್ತು. ಹಂಗಾದ್ರೆ ನಮ್ಮ ಕೆಲಸಕ್ಕೆ ಯಾವುದು ಬರುತ್ತೆ?" ಎಂದರು.

"ನಿಮ್ಮದು ಎಕನಾಮಿಕ್! ನೀವು ಮಾಡ್ತಿರೋದು ದೇಶದ ಅರ್ಥವ್ಯವಸ್ಥೆಯ ಕೆಲಸ."

ಓಬಳಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ಅಂಗಡಿಯವರ ಶಾಪ ಕೇಳಿಕೊಂಡು ಓಡಾಡುತ್ತಿದ್ದ ಆ ಮನುಷ್ಯನಿಗೆ ದೇಶದ ಅರ್ಥವ್ಯವಸ್ಥೆ ತನ್ನ ಮೇಲೆ ನಿಂತಿದೆಯೆಂದು ಯಾರೂ ಹೇಳಿರಲಿಲ್ಲ. ಬೇನಾಮಿ ವಿಚಾರ ಅಲ್ಲಿಗೇ ಬಿಟ್ಟು, ಕಾಫಿ ಕುಡಿದು, ಶಿಷ್ಯನಾಗಿ ಹೊರಟರು. ಆಮೇಲೆ ಎಲ್ಲಿ ಬೋರ್ಡು ಕಂಡರೂ ಅವರ ಸ್ಕೂಟರು ನಿಧಾನವಾಗುತ್ತಿತ್ತು ಎಂದು ಕೇಳಿದ್ದೇನೆ.

ಈಗ ಮನೆಯ ಸಂಗತಿ ಹೇಳಬೇಕು. ಚಕ್ರಪಾಣಿ ದಂಪತಿಗಳು ಇದ್ದದ್ದು ಕೆಳಗಿನ ಭಾಗದಲ್ಲಿ, ಬಾಡಿಗೆಗೆ. ಮಾಲೀಕರಾದ ಶೈಲಜಮ್ಮ ಮೇಲಿದ್ದರು. ತೀರಿಕೊಂಡ ಅವರ ಯಜಮಾನರು ಎಂದೋ ಗೊತ್ತು ಮಾಡಿದ ಬಾಡಿಗೆ. ಆ ಬಾಡಿಗೆಗೆ ಈಗ ಚಾಮರಾಜಪೇಟೆಯಲ್ಲಿ ಸೈಕಲ್ ನಿಲ್ಲಿಸಲೂ ಜಾಗ ಸಿಗುತ್ತಿರಲಿಲ್ಲ. ಗೋದಾ ಮದುವೆಯಾಗಿ ಬಂದದ್ದು ಆ ಮನೆಗೇ. ಹಿತ್ತಲ ಬಾವಿ, ಬಾವಿಯ ಪಕ್ಕದ ಮಲ್ಲಿಗೆ, ಕೂಗಿದರೆ ಕೇಳುವ ದೂರದಲ್ಲಿ ಮಾರುಕಟ್ಟೆ, ಇವುಗಳ ಮೇಲೆ ಅವರಿಗೆ ಪ್ರಾಣ. ಒಂದು ಶನಿವಾರ ಶೈಲಜಮ್ಮ ಕಂಬಿ ಹಿಡಿದು ಇಳಿದು ಬಂದು, ಬಾಗಿಲಲ್ಲಿ ನಿಂತು, "ಮನೆ ಮಾರಿಬಿಡೋಣ ಅಂತ ಇದ್ದೀನಮ್ಮ" ಎಂದರು.

ಗೋದಾ ಅವರ ಕೈ ಹಿಟ್ಟಿನಲ್ಲೇ ನಿಂತಿತು. ಮನೆ ಕೈ ಬದಲಾದರೆ ಕೊಂಡವರು ಕೆಡವಿ ಕಟ್ಟುವುದು ಖಂಡಿತ. ಚಕ್ರಪಾಣಿಯವರ ಸಂಬಳಕ್ಕೆ ಮತ್ತಿಕೆರೆಯ ಆಚೆಗೆ ಎಲ್ಲಾದರೂ ಹುಡುಕಬೇಕು. ಆದರೂ ಗೋದಾ ಯಾಕೆ ಎಂದು ಕೇಳಲಿಲ್ಲ. ಮಾಲೀಕರ ಮನೆ, ಮಾಲೀಕರ ಇಷ್ಟ. ಯಾಕೆ ಎಂದು ಕೇಳುವುದು ಮರ್ಯಾದೆಯಲ್ಲ ಎಂಬುದು ನಮ್ಮ ಬಡಾವಣೆಯಲ್ಲಿ ತಾಯಿಯ ಹಾಲಿನ ಜೊತೆಗೇ ಬಂದ ಪಾಠ. "ನಿಮ್ಮಿಷ್ಟ ಅಮ್ಮ, ಕಾಫಿ ತಗೊಳ್ತೀರಾ?" ಎಂದರಷ್ಟೇ. ಶೈಲಜಮ್ಮ ಇನ್ನೂ ಒಂದು ಕ್ಷಣ ನಿಂತಿದ್ದು, ಚಕ್ರಪಾಣಿಯತ್ತ ತಿರುಗಿದರು.

"ಬೋರ್ಡು ನೀವೇ ಬರೆದುಕೊಡಿ ಚಕ್ರಪಾಣಿಯವರೇ. ಶೀನಣ್ಣನಿಗೆ ಬರ್ಕತ್ತು ತಂದ ಆ ಪದ ಇದೆಯಲ್ಲ, ಅದೇ ಇರಲಿ. ನಿಮ್ಮ ಕೈಗುಣದಿಂದ ಬೇಗ ವ್ಯಾಪಾರ ಆಗ್ಲಿ."

ಅವರು ಮೇಲೆ ಹೋದ ಮೇಲೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನ ಕೈಯಾರೆ ತನ್ನ ಮನೆ ಖಾಲಿ ಮಾಡಿಸುವ ಬೋರ್ಡು ಬರೆಯಬೇಕಾದ ಪ್ರಸಂಗ ಶತ್ರುವಿಗೂ ಬೇಡ. ಇಷ್ಟು ಹೊತ್ತಿಗೆ ಚಕ್ರಪಾಣಿಗೂ ತಮ್ಮ ಕೈಗುಣದ ಮೇಲೆ ಪೂರ್ತಿ ನಂಬಿಕೆ ಬಂದಿತ್ತು. ತಾವು ಬರೆದರೆ ಮನೆ ಮಾರಾಟವಾಗದೆ ಇರುವುದು ಸಾಧ್ಯವೇ ಇಲ್ಲ ಎಂದು ಅವರು ತಲೆಯ ಮೇಲೆ ಕೈ ಹೊತ್ತು ಕೂತರು. ದಾರಿ ಹುಡುಕಿದವರು ಗೋದಾ.

"ತಪ್ಪು ಬರೀರಿ."

"ಏನಂದೆ?"

"ಆ ಕೊನೇ ಎರಡಕ್ಷರ ಬಿಟ್ಬಿಡಿ. ಅದು ಬಂದ್ಮೇಲೆ ತಾನೆ ಹೋಟ್ಲಿಗೆ ಜನ ಬಂದಿದ್ದು? ಇಲ್ದಿದ್ರೆ ಯಾರೂ ಬರಲ್ಲ."

"ನನ್ನ ಕೈಯಿಂದ? ಇಡೀ ರಸ್ತೆಗೆ ಸರಿಯಾಗಿದ್ದು ಕಲಿಸಿಕೊಟ್ಟು, ನನ್ನ ಗೇಟಿನ ಮೇಲೇ ತಪ್ಪು?"

"ಮತ್ತಿಕೆರೆಯಾಚೆ ಬಯಲಲ್ಲಿ ಹೋಗಿ ಕೂತು ಯಾರಿಗೆ ಕಲಿಸ್ತೀರಿ? ನೀವೇ ಯೋಚನೆ ಮಾಡಿ."

ಚಕ್ರಪಾಣಿ ಸಲಹೆ ಕೇಳಲು ನನ್ನ ಜಗಲಿಗೆ ಬಂದರು. "ಮನೆ ದೊಡ್ಡದೋ, ಎರಡಕ್ಷರ ದೊಡ್ಡದೋ?" ಎಂದು ನಾನು ಕೇಳಿದೆ. ಅವರು ಉತ್ತರಕ್ಕೆ ಎಷ್ಟು ಹೊತ್ತು ತೆಗೆದುಕೊಂಡರೆಂದರೆ ನನಗೆ ಗೋದಾ ಅವರ ಗತಿಯೇನೆಂದು ನಿಜವಾಗಿಯೂ ಭಯವಾಯಿತು. ಕೊನೆಗೆ ಎದ್ದು, ನಿಟ್ಟುಸಿರು ಬಿಟ್ಟು ಹೋದರು.

ಬೋರ್ಡು ಬಂತು. 'ಎಕನಾಮಿಕ್ ಹೌಸ್ ಫಾರ್ ಸೇಲ್.' ಟೈಲರ್ ಏಣಿ ಹಿಡಿದುಕೊಂಡ, ಚಕ್ರಪಾಣಿ ಗೇಟಿನ ಕಮಾನಿಗೆ ಮೊಳೆ ಹೊಡೆದರು. ಮೊಳೆ ಎದೆಗೇ ಹೊಡೆದಂತೆ ಮುಖ ಮಾಡಿಕೊಂಡಿದ್ದರು. ಅಂದಿನಿಂದ ಅವರು ಆಫೀಸಿಗೆ ಹೋಗುವಾಗ ಗೇಟು ದಾಟುವವರೆಗೆ ತಲೆ ಎತ್ತುತ್ತಿರಲಿಲ್ಲ. ಊಟ ಸೇರದು. ಇದ್ದಕ್ಕಿದ್ದಂತೆ ಎದ್ದು ಕಿಟಕಿಯಿಂದ ಬೋರ್ಡಿನ ಹಿಂಭಾಗ ನೋಡಿ ಬಂದು ಕೂರುವರು. ದಿನಗಳು ಕಳೆದವು, ಒಬ್ಬ ಗಿರಾಕಿಯೂ ಬರಲಿಲ್ಲ. ಗೋದಾ ದೇವರಿಗೆ ತುಪ್ಪದ ದೀಪ ಹಚ್ಚಿದರು. ಆದರೆ ಚಕ್ರಪಾಣಿಯವರಿಗೆ ಇನ್ನೊಂದು ನೋವು ಶುರುವಾಗಿತ್ತು, ಅದನ್ನು ನನ್ನ ಹತ್ತಿರ ಮಾತ್ರ ಹೇಳಿಕೊಂಡರು.

"ಇಷ್ಟು ಜನ ಓಡಾಡ್ತಾರೆ, ಒಬ್ಬರಾದ್ರೂ ತಪ್ಪು ಅನ್ನಬೇಡವಾ? ಶೀನಣ್ಣ ನಿಂತು ಓದಿ 'ಚಂದ ಉಂಟು' ಅಂದ ಕಣ್ರೀ! ನಾನು ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ."

ತಪ್ಪು ಹಿಡಿಯುವವರು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಓಬಳಪ್ಪನವರ ಸ್ಕೂಟರಿನ ಹಿಂದಿನಿಂದ ಬಿಳಿ ಷರಟಿನ ದಪ್ಪ ಮನುಷ್ಯರೊಬ್ಬರು ಇಳಿದರು. ಪುಟ್ಟಯ್ಯ, ಕನಕಪುರದ ಕಡೆಯವರು, ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ. ಆ ವರ್ಷ ಈರುಳ್ಳಿ ಯಾರನ್ನು ಅಳಿಸಿದರೂ ಪುಟ್ಟಯ್ಯನವರನ್ನು ಅಳಿಸಿರಲಿಲ್ಲ. ಪೇಟೆ ಹತ್ತಿರ ಒಂದು ಮನೆ ಬೇಕೆಂದು ಹುಡುಕುತ್ತಿದ್ದವರಿಗೆ ಓಬಳಪ್ಪ ಕೈಗುಣದ ಕಥೆ ಹೇಳಿ ಕರೆತಂದಿದ್ದರು. ಇಬ್ಬರೂ ಗೇಟಿನ ಮುಂದೆ ನಿಂತರು. ಓಬ‍ಳಪ್ಪ ತಲೆಯೆತ್ತಿ ಬೋರ್ಡು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಪುಟ್ಟಯ್ಯನವ್ರೇ, ತಡೀರಿ. ಇದು ಸರಿ ಇಲ್ಲ."

"ಏನಾಯ್ತು ಸಾರ್?"

"ಇದು ಎಕನಾಮಿಕ್. ಇದು ನಮ್ಮ ಇಲಾಖೆಗೆ ಬರೋದು, ಮನೆಗೆ ಬರಲ್ಲ."

ಪುಟ್ಟಯ್ಯ ಒಂದು ಹೆಜ್ಜೆ ಹಿಂದಕ್ಕೆ ಸರಿದರು. "ಇಲಾಖೆಗೆ ಸೇರಿದ್ ಮನೆನಾ? ಬ್ಯಾಡ ಬ್ಯಾಡ ಸಾರ್, ಗಾಡಿ ತಿರುಗಿಸಿ."

ನಾನು ಎದುರು ಮನೆಯ ಕಿಟಕಿ ನೋಡಿದೆ. ಒಳಗೆ ಚಕ್ರಪಾಣಿ, ಅವರ ತೋಳನ್ನು ಎರಡೂ ಕೈಯಿಂದ ಹಿಡಿದು ಗೋದಾ. ಬಾಯಿ ಬಿಡದೆ ಇದ್ದರೆ ಸಾಕು, ಗಿರಾಕಿ ಹೊರಡುತ್ತಾರೆ, ಮನೆ ಉಳಿಯುತ್ತದೆ. ಅಷ್ಟರಲ್ಲಿ ಗದ್ದಲ ಕೇಳಿ ಟೈಲರೂ ಶೀನಣ್ಣನೂ ಬಂದರು.

"ಇದನ್ನ ಚಕ್ರಪಾಣಿ ಸಾರ್ ಬರೆದಿರಕ್ಕಿಲ್ಲ ಬಿಡಿ" ಎಂದರು ಓಬಳಪ್ಪ.

"ಅವರೇ ಸಾರ್ ಬರೆದಿದ್ದು. ನಾನೇ ಏಣಿ ಹಿಡ್ಕೊಂಡಿದ್ದೆ" ಎಂದ ಟೈಲರ್, ಅಭಿಮಾನದಿಂದ.

"ಅವರೇನಾ?" ಓಬಳಪ್ಪನವರ ಮುಖ ಇಳಿಯಿತು. "ಹಂಗಾದ್ರೆ ಅವರಿಗೇ ಗೊತ್ತಿಲ್ಲ ಅನ್ಸುತ್ತೆ. ಸುಮ್ನೆ ನಂಗೆ ಅವತ್ತು ಅಷ್ಟು ಹೊತ್ತು ಕೊರೆದ್ರು."

ಒಳಗೆ ಏನೋ ಪಾತ್ರೆ ಉರುಳಿದ ಸದ್ದಾಯಿತು. ಬಾಗಿಲು ಧಡಾರನೆ ತೆರೆಯಿತು. ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಬಣ್ಣದ ಡಬ್ಬಿ ಹಿಡಿದು ಚಕ್ರಪಾಣಿ ಹೊರಗೆ ಬಂದರು. ಹಿಂದೆ ಗೋದಾ ಪಂಚೆಯ ಅಂಚು ಹಿಡಿದು, "ಬೇಡಾಂದ್ರೆ, ಒಳಗೆ ಬನ್ನಿ" ಎನ್ನುತ್ತಿದ್ದರು. ಪಂಚೆಯನ್ನು ಒಂದು ಕೈಯಿಂದ ಉಳಿಸಿಕೊಂಡು ಚಕ್ರಪಾಣಿ ಸ್ಟೂಲು ಹತ್ತಿದರು.

"ಗೊತ್ತಿಲ್ಲ ಅನ್ನಬೇಡಿ ಓಬಳಪ್ಪನವರೇ! ಬೇರೆ ಏನು ಬೇಕಾದ್ರೂ ಅನ್ನಿ! ಮನೆ ಮಾರಾಟ ಆಗಬಾರದು ಅಂತ ಬೇಕು ಬೇಕಂತಲೇ ತಪ್ಪು ಬರೆದೆ. ನಂಗೆ ಗೊತ್ತಿಲ್ವಾ? ಈ ರಸ್ತೆಯಲ್ಲಿ ಗೊತ್ತಿರೋನು ನಾನೊಬ್ಬನೇ!"

ಇಷ್ಟು ಕೂಗಿ ಬಿಟ್ಟಿದ್ದ ಎರಡಕ್ಷರವನ್ನೂ ಬಳಿದರು. ಬಳಿದು, ಹಿಂದೆ ವಾಲಿ ಅಂದ ನೋಡಿ, ಬಹಳ ದಿನಗಳ ಮೇಲೆ ಮೊದಲ ಸಲ ನೆಮ್ಮದಿಯಾಗಿ ಉಸಿರು ಬಿಟ್ಟರು. ಆಗ ಮೇಲಿನ ಬಾಲ್ಕನಿಯಲ್ಲಿ ಶೈಲಜಮ್ಮ ನಿಂತಿರುವುದು ಅವರ ಕಣ್ಣಿಗೆ ಬಿತ್ತು. ಎಲ್ಲವನ್ನೂ ಕೇಳಿಸಿಕೊಂಡ ಮುಖ. ಸ್ಟೂಲಿನ ಮೇಲಿದ್ದ ಮನುಷ್ಯ ಇಳಿಯುವುದನ್ನೂ ಮರೆತು ಹಾಗೆಯೇ ನಿಂತುಬಿಟ್ಟರು.

ಮೊದಲು ಮಾತಾಡಿದವರು ಪುಟ್ಟಯ್ಯ. "ಗಿರಾಕಿ ಮುಂದೇನೇ ತಕ್ಕಡಿ ಸರಿ ಮಾಡೋ ಮನುಷ್ಯನ್ನ ನಾನು ಮಾರ್ಕೆಟ್ಟಲ್ಲಿ ಕಂಡಿಲ್ಲ. ಇಂಥೋರು ಬಾಳಿದ್ ಮನೆ ನಂಗೇ ಇರ್ಲಿ. ತಾಯಿ, ಇಳಿದು ಬನ್ನಿ. ಎಲೆ ಅಡಿಕೆ ತರ್ಸಿ, ಮಾತಾಡೇ ಬಿಡಾನ."

ಗೋದಾ ಒಳಗೆ ಹೋಗಿ ಕಾಫಿ ಬೆರೆಸಿ ತಂದರು. ಆ ಕಣ್ಣು ನೋಡಲು ನನಗೆ ಧೈರ್ಯವಾಗಲಿಲ್ಲ. ಮನೆ ಹೋಯಿತು ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಶೈಲಜಮ್ಮ ಮೆಟ್ಟಿಲಿಳಿಯತೊಡಗಿದರು. ಒಂದು ಮೆಟ್ಟಿಲಿಗೆ ಎರಡು ಕಾಲು ಊರಿ, ಕಂಬಿ ಹಿಡಿದು ನಿಂತು, ಉಸಿರು ತೆಗೆದುಕೊಂಡು, ಮತ್ತೊಂದು ಮೆಟ್ಟಿಲು. ಪುಟ್ಟಯ್ಯನವರ ಕಾಫಿ ಮುಗಿಯಿತು, ಅವರಿನ್ನೂ ಅರ್ಧದಲ್ಲಿದ್ದರು. ಪುಟ್ಟಯ್ಯ ಸುಮ್ಮನೆ ನೋಡುತ್ತಿದ್ದು, ಆಕೆ ಕೆಳಗೆ ಬಂದು ಕೂತ ಮೇಲೆ ಕೇಳಿದರು.

"ಮನೆ ಯಾಕ್ ತಾಯಿ ಮಾರ್ತಿರೋದು?"

ಇಷ್ಟು ದಿನದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ. ಮರ್ಯಾದೆ ಅಡ್ಡ ಬಂದು ನಾವ್ಯಾರೂ ಕೇಳಿರಲಿಲ್ಲ. ಶೈಲಜಮ್ಮನವರು ಬಾಯಿ ತೆರೆದರು, ಮಾತಿಗೆ ಮೊದಲು ಅಳು ಬಂತು.

"ಮಂಡಿನೋವಪ್ಪ. ಹತ್ತಕ್ಕಾಗಲ್ಲ, ಇಳಿಯಕ್ಕಾಗಲ್ಲ. ಲಿಫ್ಟ್ ಇರೋ ಕಡೆ ಎಲ್ಲಾದ್ರೂ ಒಂದು ರೂಮು ಹಿಡಿಯೋಣ ಅಂತ. ಇಲ್ದಿದ್ರೆ ಈ ಮನೆ ಬಿಡೋ ಆಸೆ ಯಾರಿಗಿದೆ?"

ಪುಟ್ಟಯ್ಯ ಮುಂಗಡಕ್ಕೆಂದು ಜೇಬಿಗೆ ಹಾಕಿದ್ದ ಕೈಯನ್ನು ಖಾಲಿಯಾಗಿಯೇ ಹೊರಗೆ ತೆಗೆದರು. "ಹೆಣ್ಮಗಳು ಕಣ್ಣೀರು ಹಾಕ್ಕಂಡು ಬರ್ಕೊಟ್ಟ ಮನೆ ಏಳಿಗೆ ಆಗಕಿಲ್ಲ ತಾಯಿ. ನಂಗ್ ಬ್ಯಾಡ."

"ಅಷ್ಟೇನಾ ಅಮ್ಮ?" ಗೋದಾ ಲೋಟಗಳ ತಟ್ಟೆ ಹಿಡಿದು ಹಾಗೆಯೇ ನಿಂತಿದ್ದರು. "ಮಂಡಿನೋವು, ಅಷ್ಟೇನಾ? ಹಾಗಿದ್ರೆ ನೀವು ಕೆಳಗೆ ಬನ್ನಿ. ನಾವು ಮೇಲೆ ಹೋಗ್ತೀವಿ."

"ಹಾಗಂತ ನಾನು ಹೇಗೆ ಕೇಳಲಮ್ಮ? ಅವರು ಮಾತು ಕೊಟ್ಟು ನಿಮಗೆ ಕೆಳಗಿನ ಮನೆ ಕೊಟ್ಟಿದ್ರು. ನೀನು ಬಾವಿ, ಮಲ್ಲಿಗೆ ಅಂತ ಮಾಡ್ಕೊಂಡಿದ್ದೀಯ. ಖಾಲಿ ಮಾಡಿ ಮೇಲೆ ಹತ್ತಿ ಅನ್ನೋದು ಚೆನ್ನಾಗಿರುತ್ತಾ? ದಾಕ್ಷಿಣ್ಯ."

"ದಾಕ್ಷಿಣ್ಯಕ್ಕೆ ಅಂತ ಮನೇನೇ ಮಾರಿಬಿಡೋದಾ?"

"ಮಾರಿದ್ರೆ ಬಿಡಿಸೋ ಪಾಪ ಕೊಂಡವರಿಗೆ ಹೋಗುತ್ತೆ. ನಂಗೆ ಬರಲ್ಲ ಅಂತ ಅಂದ್ಕೊಂಡೆ."

ನನಗೆ ಜೋರಾಗಿ ನಗು ಬಂತು. ಕೆಳಗಿನವರನ್ನು ಮೇಲೆ ಹೋಗಿ ಎನ್ನಲಾರದೆ ಮನೆಯನ್ನೇ ಮಾರಲು ಹೊರಟ ಮಾಲೀಕರು. ಯಾಕೆ ಎಂದು ಕೇಳಲಾರದೆ ತಪ್ಪು ಇಂಗ್ಲಿಷ್ ಬರೆದು ಕೂತ ಬಾಡಿಗೆದಾರರು. ನಮ್ಮ ಬಡಾವಣೆಯವರ ದಾಕ್ಷಿಣ್ಯ ಇಷ್ಟು ದುಬಾರಿ ಎಂದು ನನಗೂ ಅಂದೇ ಗೊತ್ತಾದದ್ದು. ಚಕ್ರಪಾಣಿ ಸ್ಟೂಲಿನಿಂದ ಇಳಿದು ಬಂದು ಕೈ ಮುಗಿದರು.

"ಅಮ್ಮ, ಬೋರ್ಡು ತಪ್ಪು ಬರೆದು ನಿಮಗೆ ಮೋಸ ಮಾಡಿಬಿಟ್ಟೆ."

"ನಂಗೆಲ್ಲಿ ಇಂಗ್ಲಿಷ್ ಬರುತ್ತಪ್ಪ?" ಶೈಲಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ತಪ್ಪು ಬರೆದಿದ್ದೀರಿ ಅಂತ ಗೊತ್ತಾಗಿದ್ರೆ ಅವತ್ತೇ ಪಾಯಸ ಮಾಡ್ತಿದ್ದೆ. ದಿನಾ ಬೆಳಿಗ್ಗೆ ಗಿರಾಕಿ ಬಂದ್ಬಿಡ್ತಾರೋ ಏನೋ ಅಂತ ಎದೆ ಹೊಡ್ಕೋತಿತ್ತು."

ಪುಟ್ಟಯ್ಯ ಇನ್ನೊಂದು ಲೋಟ ಕಾಫಿ ಕೇಳಿ ಕುಡಿದು, ಮನೆ ತಪ್ಪಿದರೂ ಕಾಫಿ ತಪ್ಪಲಿಲ್ಲವೆಂದು ಹೇಳಿ ಸ್ಕೂಟರ್ ಹತ್ತಿದರು. ಓಬಳಪ್ಪ ಹೊರಡುವ ಮುನ್ನ ಗುರುಗಳ ಕಾಲು ಮುಟ್ಟಿದರು. ಶೀನಣ್ಣ ಬೋರ್ಡು ಕಳಚುತ್ತ, "ಕಂಡ್ರಾ? ಎರಡಕ್ಷರ ಸೇರಿದ್ದೇ ತಡ, ಮನೆ ಉಳೀತು!" ಎಂದು ಸುತ್ತ ನಿಂತವರಿಗೆ ವಿವರಿಸಿದ. ಯಾರೂ ಇಲ್ಲ ಎನ್ನಲಿಲ್ಲ.

ಮುಂದಿನ ಭಾನುವಾರ ಸಾಮಾನು ಬದಲಾಯಿಸುವ ಕೆಲಸ. ಮಲ್ಲಿಗೆಯೂ ಬಾವಿಯೂ ಎಂದಿನಂತೆ ಗೋದಾ ಅವರದೇ ಎಂದು ಶೈಲಜಮ್ಮ ಮೊದಲೇ ಹೇಳಿಬಿಟ್ಟಿದ್ದರು. ಪಾತ್ರೆ ಪಡಗ, ಹಾಸಿಗೆ, ದೇವರ ಮಂಟಪ ಎಲ್ಲ ಮೇಲೆ ಹೋದವು. ಉಳಿದದ್ದು ರುಬ್ಬುವ ಕಲ್ಲು. ಮಿಕ್ಸಿ ಇದೆಯಲ್ಲ, ಕಲ್ಲು ಕೆಳಗೇ ಇರಲಿ ಎಂದರು ಚಕ್ರಪಾಣಿ. ದೋಸೆಗೆ ಕಲ್ಲೇ ಆಗಬೇಕೆಂದರು ಗೋದಾ. ಸ್ಟೂಲು ಹತ್ತಿದ ದಿನದಿಂದ ಆ ಮನೆಯಲ್ಲಿ ಗೋದಾ ಹೇಳಿದ್ದಕ್ಕೆ ಎದುರು ಮಾತು ಇರಲಿಲ್ಲ. ನಾನೊಂದು ಕಡೆ, ಅವರೊಂದು ಕಡೆ, ಕಲ್ಲನ್ನು ಗೋಣಿಚೀಲದಲ್ಲಿ ಕಟ್ಟಿ ಎತ್ತಿದೆವು. ನಾಲ್ಕು ಮೆಟ್ಟಿಲಿಗೇ ಇಬ್ಬರಿಗೂ ಶೈಲಜಮ್ಮನವರ ಕಷ್ಟ ಅರ್ಥವಾಯಿತು. ಕಲ್ಲನ್ನು ಇಳಿಸಿ ಏದುಸಿರು ಬಿಡುತ್ತ ಚಕ್ರಪಾಣಿ ಮೇಲೆ ನಿಂತಿದ್ದ ಹೆಂಡತಿಯನ್ನು ಕೇಳಿದರು.

"ಅಲ್ಲ ಗೋದಾ, ಇಷ್ಟು ಸುಲಭದ ಮಾತು ನಿಂಗೆ ಮೊದಲೇ ಯಾಕೆ ಹೊಳೀಲಿಲ್ಲ?"

"ಎಲ್ಲಿಂದ ಹೊಳೀಬೇಕು? ಈ ಮನೇಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಿಗೆ ಜಾಗ ಎಲ್ಲಿತ್ತು? ಮಾತಾಡದೆ ಎತ್ತಿ."

ಎತ್ತಿದೆವು. ತಿರುವಿನಲ್ಲಿ ಕಲ್ಲು ಗೋಣಿಯಿಂದ ಜಾರಿ ಚಕ್ರಪಾಣಿಯವರ ಹೆಬ್ಬೆರಳ ಮೇಲೆ ಕೂತಿತು. ಅಲ್ಲಿಂದ ಮೇಲಿನ ಮೆಟ್ಟಿಲವರೆಗೆ ಆ ಮಹಾನುಭಾವರು ಕಲ್ಲಿಗೆ, ಮೆಟ್ಟಿಲಿಗೆ, ದೋಸೆಗೆ ಒಂದೊಂದಕ್ಕೂ ಬೇರೆ ಬೇರೆ ವಿಶೇಷಣ ಹಚ್ಚುತ್ತಲೇ ಹತ್ತಿದರು. ಎಲ್ಲವೂ ಅಚ್ಚ ಕನ್ನಡದವು, ಒಂದೂ ತಪ್ಪಾಗಿರಲಿಲ್ಲ.